ಬದುವಿನಾಚೆಯ ಕರ್ಮಫಲ

ಕರ್ಮಕ್ಕೂ ಅದರ ಫಲಕ್ಕೂ ಇರುವ ಸಂಬಂಧವನ್ನು ಕುರಿತು ಭಾರತೀಯ ದರ್ಶನಗಳು ನಡೆಸಿದ ದೀರ್ಘ ಚರ್ಚೆಯಲ್ಲಿ ಎರಡು ದೋಷಗಳ ಹೆಸರು ಮತ್ತೆ ಮತ್ತೆ ಕೇಳಿಬರುತ್ತದೆ. ಮಾಡಿದ ಕರ್ಮವು ಮಾಡಿದವನಿಗೆ ಫಲ ಕೊಡದೆ ಅಳಿದುಹೋದರೆ ಅದು ಕೃತನಾಶ. ಮಾಡದ ಕರ್ಮದ ಫಲ ಮಾಡದವನ ಪಾಲಿಗೆ ಬಂದೊದಗಿದರೆ ಅದು ಅಕೃತಾಭ್ಯಾಗಮ. ಈ ಎರಡಕ್ಕೆ ಎಡೆಗೊಡುವ ಸಿದ್ಧಾಂತದಲ್ಲಿ ನ್ಯಾಯಕ್ಕೆ ನೆಲೆಯೇ ಇಲ್ಲವೆಂದು ಮೀಮಾಂಸಕರೂ ಜೈನರೂ ಬೌದ್ಧರ ಕ್ಷಣಿಕವಾದದ ಮೇಲೆ ಆಕ್ಷೇಪ ಹೂಡಿದರು. ಅದಕ್ಕೆ ಬೌದ್ಧರು, ಸ್ಥಿರವಾದ ಕರ್ತೃ ಇಲ್ಲದಿದ್ದರೂ ಕಾರ್ಯಕಾರಣಗಳ ಕಡಿಯದ ಪ್ರವಾಹವೊಂದು ಇದ್ದೇ ಇರುತ್ತದೆ, ಕರ್ಮ ಯಾವ ಪ್ರವಾಹದಲ್ಲಿ ನಡೆಯಿತೋ ಫಲವೂ ಅದೇ ಪ್ರವಾಹದಲ್ಲಿ ತಲೆದೋರುತ್ತದೆ ಎಂದು ಉತ್ತರಿಸಿದರು. ಪಂಡಿತರ ಈ ವಾದವು ಹಳ್ಳಿಯ ಬಾಯಲ್ಲಿ ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯಾಗಿ ಉಳಿದಿದೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲವನ್ನು ಕಣ್ಣಿಟ್ಟು ನೋಡಿದರೆ ಈ ಗಾದೆ ಅಲ್ಲಿ ಅರ್ಧ ಮಾತ್ರ ನಿಜವೆಂದು ತೋರುತ್ತದೆ. ಏಕೆಂದರೆ ಅಲ್ಲಿ ಒಬ್ಬರು ತಮ್ಮ ಹೊಲದ ಮಣ್ಣಿಗೆ ಮಾಡಿದ್ದರ ಫಲ ಬದುವನ್ನು ದಾಟಿ, ತಗ್ಗಿನಲ್ಲಿರುವ ಇನ್ನೊಬ್ಬರ ಗದ್ದೆಯಲ್ಲಿ, ಎಷ್ಟೋ ಸಲ ಮುಂದಿನ ತಲೆಮಾರಿನ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾದರೆ ಮಣ್ಣಿನ ವಿಷಯದಲ್ಲಿ ಕರ್ತೃ ಯಾರು, ಭೋಕ್ತೃ ಯಾರು, ಇಬ್ಬರ ನಡುವಣ ಧರ್ಮ ಎಂಥದು ಎಂಬ ಪ್ರಶ್ನೆಯು ಕೃಷಿಶಾಸ್ತ್ರದ ಗಡಿಯೊಳಗೆ ಮುಗಿಯುವಂಥದಲ್ಲ.

ಪ್ರಶ್ನೆಯ ಬಿಗಿ ಅರ್ಥವಾಗಬೇಕಾದರೆ ಮಣ್ಣಿನ ರಚನೆ ಎಂದರೇನೆಂಬುದು ಮೊದಲು ತಿಳಿದಿರಬೇಕು. ಮರಳು, ನವುರು ಗೋಡು ಮತ್ತು ಜೇಡಿ ಎಂಬ ಮೂರು ಗಾತ್ರದ ಕಣಗಳು ಮಣ್ಣಿನಲ್ಲಿ ಬಿಡಿಬಿಡಿಯಾಗಿ ಇರುವುದಿಲ್ಲ. ಕೊಳೆತ ಸೊಪ್ಪುಸದೆಯ ಅಂಟು, ಶಿಲೀಂಧ್ರಗಳ ಎಳೆ, ಬೇರಿನ ಸ್ರಾವ, ಎರೆಹುಳುವಿನ ಹಿಕ್ಕೆ ಇವುಗಳಿಂದ ಒಂದಕ್ಕೊಂದು ಹತ್ತಿಕೊಂಡು ಸಣ್ಣ ಸಣ್ಣ ಗುಚ್ಛಗಳಾಗುತ್ತವೆ. ಗುಚ್ಛಗಳ ನಡುವೆ ಉಳಿಯುವ ದೊಡ್ಡ ರಂಧ್ರಗಳಲ್ಲಿ ಮಳೆಯ ನೀರು ಕೆಳಕ್ಕಿಳಿಯುತ್ತದೆ, ಗಾಳಿ ಆಡುತ್ತದೆ. ಗುಚ್ಛಗಳ ಒಳಗಿನ ಸೂಕ್ಷ್ಮ ರಂಧ್ರಗಳಲ್ಲಿ ನೀರು ನಿಂತು ಬೇರಿಗೆ ದಕ್ಕುತ್ತದೆ. ಕಣಗಳ ಗಾತ್ರವನ್ನು ಬದಲಿಸುವುದು ಮನುಷ್ಯರ ಕೈಯಲ್ಲಿಲ್ಲವಾದರೂ ಕಣಗಳ ಈ ಜೋಡಣೆಯನ್ನು ಬೆಳೆಸುವುದೂ ಕೆಡಿಸುವುದೂ ಬಹುಮಟ್ಟಿಗೆ ಅವರ ಕೈಯಲ್ಲಿದೆ. ಒಂದು ಎಕರೆಯ ಒಂದು ಅಡಿ ಆಳದ ಮಣ್ಣು ತನ್ನ ಗಾತ್ರದ ಹತ್ತನೆಯ ಒಂದು ಪಾಲಿನಷ್ಟು ನೀರನ್ನು ಬೇರಿಗೆ ಎಟಕುವಂತೆ ಹಿಡಿದಿಟ್ಟುಕೊಂಡರೂ ಅದು ಸುಮಾರು 1.23 ಲಕ್ಷ ಲೀಟರ್ ಆಗುತ್ತದೆ. ಕಣ್ಣಿಗೆ ಕಾಣದ, ಯಾವ ದಾಖಲೆಗೂ ಸೇರದ ಈ ಜಲಾಶಯಕ್ಕೆ ಕಟ್ಟೆ ಕಟ್ಟಿದವರಿಲ್ಲ. ಒಡೆಯುವವರು ಮಾತ್ರ ಇದ್ದಾರೆ.

ಮಂಡ್ಯ ಸೀಮೆಯ ಬಹುಭಾಗ ಹಳೆಯ ನೈಸ್ ಶಿಲೆ ಸವೆದು ಆದ ನೆಲ. ದಿಣ್ಣೆಗಳ ಮೇಲೆ ತೆಳುವಾದ, ಗರಸು ಬೆರೆತ ಕೆಮ್ಮಣ್ಣು. ಇಳಿಜಾರಿನಲ್ಲಿ ಮರಳುಮಿಶ್ರಿತ ಗೋಡು. ಹಳ್ಳದ ಬದಿಯ ತಗ್ಗಿನಲ್ಲಿ ಮೇಲಿನಿಂದ ತೊಳೆದುಬಂದ ಜೇಡಿಯೂ ಲವಣಗಳೂ ಸೇರಿದ ಭಾರವಾದ ಮಣ್ಣು. ದಿಣ್ಣೆಯಿಂದ ತಗ್ಗಿನವರೆಗಿನ ಈ ಮೂರೂ ಬಗೆಯ ಮಣ್ಣನ್ನು ನೀರಿನ ಇಳಿತವೇ ಹೊಸೆದಿರುವುದರಿಂದ, ಮೇಲಿನದಕ್ಕೆ ಆದದ್ದು ಕೆಳಗಿನದಕ್ಕೆ ತಟ್ಟದೆ ಇರುವುದಿಲ್ಲ. ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಹಿಂದಿನವರು ನೆಲವನ್ನು ಖುಷ್ಕಿ, ತರಿ, ಬಾಗಾಯ್ತು ಎಂದು ವಿಂಗಡಿಸಿದ್ದು ತೆರಿಗೆಯ ಅನುಕೂಲಕ್ಕೇ ಆದರೂ, ಆ ವಿಂಗಡಣೆ ನೀರಿನ ಈ ಇಳಿತವನ್ನೇ ಬಹುಮಟ್ಟಿಗೆ ಅನುಸರಿಸುತ್ತಿತ್ತು. ದಿಣ್ಣೆಯ ನೆತ್ತಿ ಗೋಮಾಳವಾಗಿ, ಅಲ್ಲಲ್ಲಿ ಗುಂಡುತೋಪಾಗಿ ಉಳಿಯುತ್ತಿತ್ತು. ಇಳಿಜಾರಿನಲ್ಲಿ ರಾಗಿ, ಅವರೆ, ಹುರುಳಿ ಬೆಳೆಯುತ್ತಿದ್ದವು. ತಗ್ಗಿಗೆ ಅಡ್ಡಲಾಗಿ ಕೆರೆ, ಅದರ ಏರಿಯ ಕೆಳಗೆ ಅಚ್ಚುಕಟ್ಟು. ಬೇಸಗೆಯಲ್ಲಿ ಕೆರೆಯ ಗೋಡನ್ನು ಗಾಡಿಗಳಲ್ಲಿ ಹೇರಿ ಮೇಲಿನ ಹೊಲಗಳಿಗೆ ಹರಡುವ ರೂಢಿಯೊಂದಿತ್ತು. ಇಳಿಜಾರು ಕಳೆದುಕೊಂಡ ನವುರು ಮಣ್ಣು ಇಳಿಜಾರಿಗೇ ಹಿಂದಿರುಗುತ್ತಿದ್ದ ಈ ರೂಢಿಯಲ್ಲಿ ಕೃತನಾಶಕ್ಕೆ ಮನುಷ್ಯರೇ ಕೈಯಾರೆ ಮಾಡಿಕೊಂಡ ಪರಿಹಾರವಿತ್ತೆಂದು ಹೇಳಬಹುದು. ಮೇವು ಮುಗಿದು ಬೋಳಾದ ಗೋಮಾಳಗಳೂ ಹೂಳು ತುಂಬಿದ ಕೆರೆಗಳೂ ಅಂದೂ ಇದ್ದುವಾದ್ದರಿಂದ ಹಳೆಯದೆಲ್ಲ ಸುಖವಾಗಿತ್ತೆಂದು ಇಲ್ಲಿ ಸೂಚಿಸುತ್ತಿಲ್ಲ. ಆದರೆ ತಗ್ಗಿಗೆ ಬಂದದ್ದು ದಿಣ್ಣೆಗೆ ಸಲ್ಲಬೇಕಾದ ಋಣ ಎಂಬ ಅರಿವು ಆ ದುಡಿಮೆಯಲ್ಲಿ ಅಡಗಿತ್ತು.

ಅದೇ ನೆಲದಲ್ಲಿ ಹುತ್ತದ ಪೂಜೆಯೂ ಇದೆ. ನಾಗರ ಪಂಚಮಿ, ಸುಬ್ರಹ್ಮಣ್ಯ ಷಷ್ಠಿಗಳಂದು ಹುತ್ತಕ್ಕೆ ತನಿ ಎರೆಯುವ ಆಚರಣೆಯನ್ನು ನಾಗಾರಾಧನೆಯ ಭಾಗವೆಂದೇ ವಿವರಿಸುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಪೂಜೆಗಾಗಿ ಅಗೆಯದೆ ಬಿಟ್ಟ ಆ ಹುತ್ತದ ಅಡಿಯಲ್ಲಿ ಗೆದ್ದಲು ಕೊರೆದ ಸುರಂಗಗಳು ಗಟ್ಟಿ ಕೆಮ್ಮಣ್ಣಿನೊಳಕ್ಕೆ ಮಳೆಯ ನೀರನ್ನು ಇಳಿಸುತ್ತವೆ, ಗೆದ್ದಲು ಆಳದ ಜೇಡಿಯನ್ನು ಮೇಲಕ್ಕೆ ತರುತ್ತದೆ. ಮಣ್ಣಿನ ರಚನೆಯನ್ನು ಕಟ್ಟುವ ಜೀವವೊಂದಕ್ಕೆ ದೈವದ ಹೆಸರಿನಲ್ಲಿ ರಕ್ಷಣೆ ಸಿಕ್ಕಿದ್ದು ಭಕ್ತರ ಉದ್ದೇಶವಾಗಿರಲಿಲ್ಲವೆಂದೇ ಇಟ್ಟುಕೊಂಡರೂ, ಉದ್ದೇಶಿಸದೆ ಒದಗಿದ ಒಳಿತೂ ಅಕೃತಾಭ್ಯಾಗಮವೇ ಅಲ್ಲವೇ ಎಂಬ ಪ್ರಶ್ನೆ ಉಳಿಯುತ್ತದೆ. ಈ ದೋಷ ಕೇಡಿನ ರೂಪದಲ್ಲಿ ಮಾತ್ರವಲ್ಲ, ಒಳಿತಿನ ರೂಪದಲ್ಲೂ ಬದುವನ್ನು ದಾಟುತ್ತದೆ.

ಕನ್ನಂಬಾಡಿಯ ಬಳಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕೆಲಸ 1930ರ ದಶಕದ ಆರಂಭದಲ್ಲಿ ಮುಗಿದು, ಅಂದು ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆ ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ಬಂದಾಗ, ಶತಮಾನಗಳ ಕಾಲ ತಗ್ಗಿಗೆ ಮಾತ್ರ ಮೀಸಲಾಗಿದ್ದ ನೀರು ಮೊದಲ ಬಾರಿಗೆ ಇಳಿಜಾರಿನ ಮೇಲ್ಭಾಗಕ್ಕೆ ಏರಿತು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು, 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಬರದ ಸೀಮೆಯೊಂದು ಅನ್ನದ ಸೀಮೆಯಾದ ಆ ಬದಲಾವಣೆಯ ಹಿರಿಮೆಯನ್ನು ಕಡೆಗಣಿಸುವವರು ಅಲ್ಲಿನ ಜನರ ಹಸಿವಿನ ಇತಿಹಾಸವನ್ನೇ ಅರಿಯದವರು. ಗಮನಿಸಬೇಕಾದ ಸಂಗತಿಯೆಂದರೆ, ನಾಲೆಯನ್ನು ಯೋಜಿಸಿದವರಿಗೆ ಮಣ್ಣಿನ ಮಿತಿಯ ಅರಿವಿತ್ತು. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತ್ಯದ ನೀರಾ ನಾಲೆಗಾಗಿ ಚಿಂತಿಸಿದ್ದ ಬ್ಲಾಕ್ ಪದ್ಧತಿಯನ್ನೇ ಇಲ್ಲಿಗೂ ತಂದು, ನೆಲವನ್ನು ಪಾಲುಗಳಾಗಿ ವಿಂಗಡಿಸಿ, ಒಂದು ಪಾಲಿನಲ್ಲಿ ಕಬ್ಬು, ಇನ್ನೊಂದರಲ್ಲಿ ಭತ್ತ, ಮತ್ತೊಂದರಲ್ಲಿ ರಾಗಿಯಂಥ ಅಲ್ಪ ನೀರಿನ ಬೆಳೆ ಎಂದು ಸರದಿ ಗೊತ್ತುಮಾಡಲಾಗಿತ್ತು. ಈ ಸರದಿಯಿಂದ ನೀರು ದೂರದವರೆಗೆ ತಲುಪುವುದಷ್ಟೇ ಅಲ್ಲ, ಪ್ರತಿಯೊಂದು ತುಂಡು ನೆಲಕ್ಕೂ ಒಣಗಿ, ಬಿರಿದು, ಮತ್ತೆ ಗುಚ್ಛಗಟ್ಟುವ ಬಿಡುವು ದೊರೆಯುತ್ತಿತ್ತು. ಕಾಲಕ್ರಮದಲ್ಲಿ ಸರದಿ ಸಡಿಲವಾಗಿ ಭತ್ತ ಮತ್ತು ಕಬ್ಬು ಎಲ್ಲೆಡೆ ನೆಲೆಯೂರಿದವು, ಮಣ್ಣಿನ ಬಿಡುವು ಇಲ್ಲವಾಯಿತು.

ಭತ್ತದ ಗದ್ದೆಯನ್ನು ನೀರು ನಿಲ್ಲಿಸಿ ಕೆಸರು ಮಾಡುವಾಗ ನಡೆಯುವುದು ಬುದ್ಧಿಪೂರ್ವಕವಾದ ರಚನಾನಾಶ. ಗುಚ್ಛಗಳು ಒಡೆದು, ಜೇಡಿ ತೇಲಿ, ದೊಡ್ಡ ರಂಧ್ರಗಳನ್ನು ಮುಚ್ಚುತ್ತದೆ. ಪದೇ ಪದೇ ತುಳಿತಕ್ಕೂ ಯಂತ್ರದ ಭಾರಕ್ಕೂ ಸಿಕ್ಕ ಅಡಿಮಣ್ಣು ಗೇಣುದ್ದದ ಆಳದಲ್ಲಿ ಗಟ್ಟಿ ಪದರವಾಗುತ್ತದೆ. ನೀರು ಬಸಿದುಹೋಗದೆ ನಿಲ್ಲಬೇಕಾದ ಭತ್ತಕ್ಕೆ ಇದು ಉಪಕಾರವೇ ಸರಿ, ಆದರೆ ಅದೇ ಪದರ ಮುಂದೆ ಬರುವ ಉದ್ದಿನ ಅಥವಾ ಅಲಸಂದೆಯ ಬೇರಿಗೆ ಗೋಡೆಯಾಗುತ್ತದೆ, ಮಳೆಯ ನೀರನ್ನು ಅಂತರ್ಜಲಕ್ಕೆ ಬಿಡದೆ ಬದುವಿನ ಮೇಲೆ ಹೊರಳಿಸುತ್ತದೆ. ಕಬ್ಬಿನ ಕತೆ ಬೇರೆ: ಒಮ್ಮೆ ನಾಟಿ ಮಾಡಿ ಕೂಳೆ ಕಬ್ಬನ್ನು ವರ್ಷಗಟ್ಟಲೆ ಉಳಿಸಿಕೊಂಡ ನೆಲಕ್ಕೆ ಸೊಪ್ಪಿನ ಗೊಬ್ಬರದ ಸರದಿ ಬರುವುದಿಲ್ಲ, ಕಟಾವಿನ ಬಳಿಕ ತರಗಿಗೆ ಬೆಂಕಿ ಬಿದ್ದಾಗ ಗುಚ್ಛಗಳ ಅಂಟಾಗಬೇಕಿದ್ದ ಸಾವಯವ ವಸ್ತು ಹೊಗೆಯಾಗಿ ಹೋಗುತ್ತದೆ.

ಇವೆರಡಕ್ಕಿಂತಲೂ ಗಂಭೀರವಾದದ್ದು ತಗ್ಗಿನಲ್ಲಿ ತಲೆದೋರುವ ಸವಳು-ಜವಳು. ಮೇಲಿನ ಇಳಿಜಾರಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಬಿದ್ದಾಗ ಹೆಚ್ಚುವರಿ ನೀರು ಮಣ್ಣಿನೊಳಗೇ ಜಾರುತ್ತ, ಶಿಲೆಯ ಸವಕಳಿಯಿಂದ ಬಂದ ಲವಣಗಳನ್ನು ಕರಗಿಸಿಕೊಂಡು ತಗ್ಗಿಗೆ ಇಳಿದು, ಅಲ್ಲಿ ಅಂತರ್ಜಲವನ್ನು ಬೇರಿನ ಮಟ್ಟಕ್ಕೆ ಏರಿಸುತ್ತದೆ, ಇದು ಜವಳು. ಸೂಕ್ಷ್ಮ ರಂಧ್ರಗಳ ಮೂಲಕ ನೀರು ತಾನಾಗಿ ಮೇಲೇರಿ ಬಿಸಿಲಿಗೆ ಆವಿಯಾದಾಗ ಲವಣ ಮಾತ್ರ ಮೇಲ್ಮೈಯಲ್ಲಿ ಉಳಿಯುತ್ತದೆ, ಇದು ಸವಳು. ಒಂದು ಲೀಟರ್ ನೀರಿನಲ್ಲಿ 200 ಮಿಲಿಗ್ರಾಂ ಲವಣವಿದ್ದರೆ ಅದನ್ನು ಯಾರೂ ಉಪ್ಪುನೀರು ಎನ್ನುವುದಿಲ್ಲ, ಆದರೆ ವರ್ಷಕ್ಕೆ 2 ಮೀಟರ್ ಆಳದಷ್ಟು ಅಂಥ ನೀರು ಹಾಯಿಸಿದ ಒಂದು ಎಕರೆ ಕಬ್ಬಿಗೆ ಅದರೊಂದಿಗೆ ಬಂದ ಲವಣ ಸುಮಾರು 1.6 ಟನ್. ಈ ಲವಣಗಳಲ್ಲಿ ಸೋಡಿಯಂ ಮೇಲುಗೈಯಾದರೆ ಜೇಡಿಯ ಕಣಗಳು ಒಂದನ್ನೊಂದು ದೂಡಿಕೊಂಡು ಚದುರಿ, ರಂಧ್ರಗಳು ಮುಚ್ಚಿ, ಒದ್ದೆಯಾದಾಗ ಅಂಟಿನಂತೆಯೂ ಒಣಗಿದಾಗ ಕಲ್ಲಿನಂತೆಯೂ ಆಗುವ ಕ್ಷಾರಭೂಮಿ ಹುಟ್ಟುತ್ತದೆ. ಕೆಳಗಿನ ಗದ್ದೆಯ ಒಡೆಯ ಇದಕ್ಕೆ ಯಾವ ತಪ್ಪನ್ನೂ ಮಾಡಿರಬೇಕಾಗಿಲ್ಲ. ಮೇಲಿನ ಒಡೆಯನೂ ಅಧರ್ಮವೆನ್ನುವಂಥದೇನನ್ನೂ ಮಾಡಿಲ್ಲ, ತನ್ನ ಸರದಿಯ ನೀರನ್ನು ತನ್ನ ಬೆಳೆಗೆ ಹಾಯಿಸಿದ್ದಾನೆ. ಇನ್ನು ನಾಲೆಯ ಕೊನೆಯ ಭಾಗವಾದ ಮದ್ದೂರು, ಮಳವಳ್ಳಿಯ ಎಷ್ಟೋ ಹಳ್ಳಿಗಳಲ್ಲಿ ಅನ್ಯಾಯಕ್ಕೆ ಎರಡು ಮುಖಗಳಿವೆ: ಮೇಲಿನವರು ಹೆಚ್ಚು ಬಳಸಿದ ವರ್ಷ ಅಲ್ಲಿಗೆ ನೀರು ಬರುವುದೇ ಇಲ್ಲ, ಬಂದ ವರ್ಷ ತಗ್ಗಿನ ಬಸಿನೀರಿನೊಂದಿಗೆ ಲವಣವೂ ಬರುತ್ತದೆ.

ಕರ್ಮ ನಡೆದ ಕ್ಷಣಕ್ಕೂ ಫಲ ಒದಗುವ ಕ್ಷಣಕ್ಕೂ ನಡುವೆ ಅಂತರವಿದ್ದರೆ ಅವೆರಡನ್ನು ಜೋಡಿಸುವುದು ಯಾವುದು ಎಂಬ ಪ್ರಶ್ನೆಗೆ ಮೀಮಾಂಸಕರು ಕೊಟ್ಟ ಉತ್ತರ ಅಪೂರ್ವ, ಅಂದರೆ ಯಾಗ ಮುಗಿದ ಮೇಲೂ ಫಲ ಬರುವವರೆಗೆ ಅಳಿಯದೆ ಉಳಿಯುವ ಅದೃಶ್ಯ ಶಕ್ತಿ. ಅವರು ಆ ಶಕ್ತಿಗೆ ಆಶ್ರಯವಾಗಿ ಯಜಮಾನನ ಆತ್ಮವನ್ನು ಹಿಡಿದರು, ಆದ್ದರಿಂದ ಫಲ ತಪ್ಪದೆ ಅವನನ್ನೇ ಸೇರಬೇಕಾಯಿತು. ಮಂಡ್ಯದ ತಗ್ಗುಗಳಲ್ಲಿ ದಶಕಗಳ ಕಾಲ ಸದ್ದಿಲ್ಲದೆ ಸಂಚಯವಾಗುವ ಸೋಡಿಯಂ ಕೂಡ ಮಾಡಿದ್ದನ್ನು ಮರೆಯದೆ ಹಿಡಿದಿಟ್ಟುಕೊಳ್ಳುವ ಅಂಥದೇ ಒಂದು ಶಕ್ತಿ. ಆದರೆ ಅದರ ಆಶ್ರಯ ಯಾರ ಆತ್ಮವೂ ಅಲ್ಲ, ಎಲ್ಲರ ಕಾಲಡಿಯ ನೆಲ. ಹಾಗಾಗಿ ಇಲ್ಲಿ ಬೌದ್ಧರ ಉತ್ತರವೇ ವಸ್ತುಸ್ಥಿತಿಗೆ ಹೆಚ್ಚು ಹತ್ತಿರವಾಗಿದೆ. ಫಲ ಹುಡುಕಿಕೊಂಡು ಹೋಗುವುದು ಕರ್ತೃವನ್ನಲ್ಲ, ಅದು ಪ್ರವಾಹವನ್ನು ಅನುಸರಿಸುತ್ತದೆ. ಮತ್ತು ಈ ಪ್ರವಾಹಕ್ಕೆ ಮನುಷ್ಯನ ಬದುಕು ಎಲ್ಲೆಯಲ್ಲ, ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗಿನ ಜಲಾನಯನ ಪ್ರದೇಶ ಎಲ್ಲೆ.

ಎಲ್ಲೆ ಎಲ್ಲಿ ಬೀಳುತ್ತದೆಂಬುದರ ಮೇಲೆ ಬದುಕುಗಳೇ ಬದಲಾಗುವುದನ್ನು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಕಂಡು, 1962ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಂಗಲ, ದಳೇನ ಎಂಬ ಕಲ್ಪಿತ ಹೆಸರುಗಳಿಂದ ಅವನ್ನು ವರ್ಣಿಸಿದರು. ಒಂದಕ್ಕೆ ನಾಲೆಯ ನೀರು ಬಂದಿತು. ಇನ್ನೊಂದರ ನೆಲ ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿದು, ಅಲ್ಲಿನವರು ಬೇರೆ ಬೇರೆ ಉದ್ಯೋಗಗಳನ್ನು ಅರಸಬೇಕಾಯಿತು. ಕೆಲವು ಅಡಿಗಳ ಎತ್ತರವನ್ನು ಯಾರ ಪುಣ್ಯಪಾಪದ ಲೆಕ್ಕಕ್ಕೂ ಬರೆಯಲಾಗದು.

ಹೀಗಿರುವಾಗ ‘ನನ್ನ ಹೊಲ, ನನ್ನ ಇಷ್ಟ’ ಎಂಬ ಮಾತಿಗೆ ಎಷ್ಟು ಬಲವಿದೆ? ಈ ಪ್ರಶ್ನೆಗೆ ಅನಿರೀಕ್ಷಿತವಾದ ಕಡೆಯಿಂದ ಬೆಳಕು ಬೀಳುತ್ತದೆ. ಜೈಮಿನಿಯ ಪೂರ್ವಮೀಮಾಂಸಾ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ವಿಶ್ವಜಿತ್ ಎಂಬ ಯಾಗದ ವಿಚಾರ ಬರುತ್ತದೆ. ಯಜಮಾನ ತನ್ನದೆಲ್ಲವನ್ನೂ ದಾನ ಮಾಡಬೇಕಾದ ಯಾಗವದು. ಅದನ್ನು ಮಾಡುವವನು ರಾಜನಾಗಿದ್ದರೆ ಭೂಮಿಯನ್ನೂ ಕೊಡಬೇಕೇ ಎಂಬ ಸಂಶಯವನ್ನು ಎತ್ತಿ, ಭೂಮಿ ಎಲ್ಲರಿಗೂ ಸಮಾನವಾದದ್ದರಿಂದ ಅದನ್ನು ಕೊಡುವಂತಿಲ್ಲವೆಂದು ಸೂತ್ರಕಾರ ನಿರ್ಣಯಿಸುತ್ತಾನೆ. ಮನುಷ್ಯರು ಹೊಲಗಳಿಗೆ ಒಡೆಯರಾಗಿರುವುದು ಕಾಣುತ್ತದೆ, ಆದರೆ ಇಡೀ ಪೃಥ್ವಿಗೆ ಒಡೆಯರಿಲ್ಲ ಎಂದು ಭಾಷ್ಯಕಾರ ಶಬರ ಅದನ್ನು ವಿವರಿಸುತ್ತಾನೆ. ಹದಿನಾಲ್ಕನೆಯ ಶತಮಾನದ ವಿಜಯನಗರ ಕಾಲದಲ್ಲಿ ಮಾಧವಾಚಾರ್ಯರು ಜೈಮಿನೀಯ ನ್ಯಾಯಮಾಲೆಯ ವಿಸ್ತರದಲ್ಲಿ ಇದನ್ನು ಇನ್ನೂ ಸ್ಪಷ್ಟಗೊಳಿಸಿ, ಒಬ್ಬರಿಗೆ ಸೇರಿದ ಭೂಖಂಡವನ್ನು ದಾನ ಮಾಡಬಹುದಾದರೂ ಮಹಾಭೂಮಿಯ ದಾನ ಸಾಧ್ಯವಿಲ್ಲ, ಏಕೆಂದರೆ ಅದು ತಮ್ಮ ತಮ್ಮ ಕರ್ಮಫಲಗಳನ್ನು ಉಣ್ಣುವ ಎಲ್ಲ ಪ್ರಾಣಿಗಳಿಗೂ ಸಾಧಾರಣವಾದ ಧನ ಎಂಬ ಅಭಿಪ್ರಾಯಕ್ಕೆ ಬರುತ್ತಾರೆ. ಭೂಖಂಡ ಮತ್ತು ಮಹಾಭೂಮಿ ಎಂಬ ಈ ಭೇದ ಬೆರಗುಗೊಳಿಸುವಂಥದು. ಅದನ್ನು ಮಣ್ಣಿನ ವಿಜ್ಞಾನದ ಮುಂದಿಟ್ಟು ನೋಡಿದರೆ, ಪಹಣಿಯಲ್ಲಿ ಬರೆದ ಎಕರೆ ಗುಂಟೆಗಳು ಭೂಖಂಡ. ಅದೇ ಎಕರೆ ಗುಂಟೆಗಳ ಮೂಲಕ ಹಾದುಹೋಗುವ ನೀರಿನ ದಾರಿ, ಆ ದಾರಿಯನ್ನು ತೆರೆದಿಡುವ ರಂಧ್ರಗಳು, ಅದರೊಂದಿಗೆ ಸಾಗುವ ಲವಣ ಮತ್ತು ಗೋಡು ಇವೆಲ್ಲ ಮಹಾಭೂಮಿಗೆ ಸೇರುತ್ತವೆ. ಪ್ರತಿಯೊಂದು ಹೊಲದೊಳಗೂ ಮಹಾಭೂಮಿಯ ಒಂದು ಪಾಲಿರುವುದರಿಂದ, ಒಡೆತನದ ಹಕ್ಕು ಬೆಳೆಯ ಮೇಲೆ ಪೂರ್ಣವಾಗಿದ್ದರೂ ಮಣ್ಣಿನ ರಚನೆಯ ಮೇಲೆ ಅಪೂರ್ಣ.

ಇದೇ ಜಿಲ್ಲೆಯ ಮೇಲುಕೋಟೆಯಲ್ಲಿ 12ನೆಯ ಶತಮಾನದಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರ ದರ್ಶನವನ್ನು ಈ ಸಂದರ್ಭದಲ್ಲಿ ನೆನೆಯುವವರು ಸಾಮಾನ್ಯವಾಗಿ ಜಗತ್ತು ಬ್ರಹ್ಮದ ಶರೀರವೆಂಬ ಮಾತನ್ನು ಎತ್ತಿಕೊಂಡು, ಮಣ್ಣನ್ನು ಕೆಡಿಸುವುದು ದೇವರ ಮೈಯನ್ನು ಗಾಯಗೊಳಿಸಿದಂತೆ ಎಂದು ತೀರ್ಮಾನಿಸುತ್ತಾರೆ. ಭಾವಕ್ಕೆ ಹಿತವಾದ ಈ ತೀರ್ಮಾನ ಸಿದ್ಧಾಂತಕ್ಕೆ ಒಪ್ಪುವಂಥದಲ್ಲ, ಏಕೆಂದರೆ ಶರೀರದ ದೋಷಗಳು ಶರೀರಿಯಾದ ಬ್ರಹ್ಮವನ್ನು ಮುಟ್ಟುವುದಿಲ್ಲವೆಂಬುದನ್ನು ರಾಮಾನುಜರು ಒತ್ತಿ ಹೇಳುತ್ತಾರೆ. ಅವರಿಂದ ಪಡೆಯಬೇಕಾದದ್ದು ಬೇರೊಂದಿದೆ. ಶ್ರೀಭಾಷ್ಯದಲ್ಲಿ ಶರೀರದ ಲಕ್ಷಣವನ್ನು ಹೇಳುವಾಗ ಅವರು, ಚೇತನವೊಂದು ತನ್ನ ಪ್ರಯೋಜನಕ್ಕಾಗಿ ಪೂರ್ತಿಯಾಗಿ ನಿಯಮಿಸಿ ಧರಿಸುವ, ಅದಕ್ಕೆ ಶೇಷವಾಗಿರುವುದನ್ನೇ ಸ್ವರೂಪವಾಗುಳ್ಳ ದ್ರವ್ಯ ಎನ್ನುತ್ತಾರೆ. ಶೇಷವೆಂದರೆ ತನಗಾಗಿ ಅಲ್ಲದೆ ಬೇರೊಂದರ ಹಿರಿಮೆಗಾಗಿ ಇರುವುದು. ಈ ಲಕ್ಷಣವನ್ನು ಒಪ್ಪಿದರೆ ರೈತನ ಹೊಲ ರೈತನಿಗೆ ಶೇಷವಲ್ಲ, ರೈತನೂ ಹೊಲವೂ ಒಟ್ಟಿಗೆ ಇನ್ನೊಂದಕ್ಕೆ ಶೇಷ. ಹೊಲದ ಪ್ರಯೋಜನ ತನ್ನಲ್ಲಿಗೇ ಮುಗಿಯಿತೆಂದು ತಿಳಿದು ದುಡಿಯುವವನ ಎಡವಟ್ಟು ಇರುವುದು ದೇವರಿಗೆ ನೋವಾಯಿತೆಂಬುದರಲ್ಲಿ ಅಲ್ಲ, ತಾನು ಯಾವುದಕ್ಕೆ ಸೇರಿದವನೆಂಬುದನ್ನು ಮರೆತದ್ದರಲ್ಲಿ.

ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಬಾಹುಬಲಿಯ ಮೂರ್ತಿಯೂ ಬಸದಿಗಳ ಅವಶೇಷಗಳೂ ಇವೆ. ಆ ಜೈನ ಪರಂಪರೆಯು ಮಣ್ಣನ್ನೂ ನೀರನ್ನೂ ಪೃಥ್ವೀಕಾಯ, ಅಪ್ಕಾಯ ಎಂಬ ಏಕೇಂದ್ರಿಯ ಜೀವಗಳ ಒಡಲೆಂದು ಎಣಿಸಿತು. ಶ್ರಾವಕರು, ಅಂದರೆ ಗೃಹಸ್ಥರು, ಬಿಡಬೇಕಾದ ಹದಿನೈದು ಕ್ರೂರ ಜೀವನೋಪಾಯಗಳ ಪಟ್ಟಿಯಲ್ಲಿ ಕೆರೆ ಸರೋವರಗಳನ್ನು ಬತ್ತಿಸುವುದನ್ನೂ ಸೇರಿಸಿತು. ನೆಲ ಅಗೆಯುವ ಹಿಂಸೆ ಬೇಸಾಯದಲ್ಲಿ ತಪ್ಪದು ಎಂಬ ಅರಿವು ಈ ಚಿಂತನೆಯಲ್ಲಿ ಮೊದಲಿಂದಲೂ ಇತ್ತು, ಆದ್ದರಿಂದಲೇ ಅದು ಅಳತೆಯ ಪ್ರಶ್ನೆಯನ್ನು ಎತ್ತಿತು: ಬೇಕಾದಷ್ಟೇ ಅಗೆಯುವುದು, ಬೇಕಾದಷ್ಟೇ ನೀರು ಹಿಡಿಯುವುದು. ಬೇಸಾಯವನ್ನೇ ಬಿಡಲಾಗದವರಿಗೆ ಈ ಅಳತೆಯೇ ಅಹಿಂಸೆ.

ಅಳತೆಯನ್ನು ಕಾಯುವ ಹೊಣೆ ಹಿಂದೆ ನೀರುಗಂಟಿಗೆ ಇತ್ತು. ಕೆರೆಯ ತೂಬು ಎತ್ತಿ, ಸರದಿಯಂತೆ ಗದ್ದೆಗಳಿಗೆ ನೀರು ಬಿಟ್ಟು, ಸುಗ್ಗಿಯಲ್ಲಿ ಕಣದಿಂದ ತನ್ನ ಪಾಲಿನ ಕಾಳು ಪಡೆಯುತ್ತಿದ್ದ ಆತ ಬಹುಮಟ್ಟಿಗೆ ದಲಿತ ಸಮುದಾಯದವನಾಗಿದ್ದು, ತಾನು ನೀರುಣಿಸುವ ಗದ್ದೆಗಳಲ್ಲಿ ಅವನ ಒಡೆತನ ಇಲ್ಲವೆನ್ನುವಷ್ಟು ಕಡಿಮೆ. ನ್ಯಾಯವಾಗಿ ಹಂಚುವವನಿಗೇ ನ್ಯಾಯ ಸಿಗದ ಆ ವ್ಯವಸ್ಥೆಯನ್ನು ಹಾಡಿಹೊಗಳಲಾಗದು. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಗದ್ದುಗೆಯಿರುವ ಮಂಟೇಸ್ವಾಮಿಯ ಪರಂಪರೆಯನ್ನು ನೀಲಗಾರರು ಇಂದಿಗೂ ಹಾಡುತ್ತಿರುವುದರ ಹಿಂದೆ, ಮಣ್ಣಿಗೆ ಅತಿ ಹತ್ತಿರವಿದ್ದವರನ್ನು ಮಣ್ಣಿನ ಒಡೆತನದಿಂದ ದೂರವಿಟ್ಟ ನೋವೂ ಇದೆ. ಮಹಾಭೂಮಿ ಎಲ್ಲರದೆಂಬ ಶಾಸ್ತ್ರವಾಕ್ಯ ಭೂಖಂಡವೇ ಇಲ್ಲದವರ ಕಿವಿಗೆ ಹೇಗೆ ಕೇಳಿಸೀತು ಎಂಬುದನ್ನು ಮರೆತು ಮಣ್ಣಿನ ಧರ್ಮವನ್ನು ಬರೆಯುವುದು ಅಪ್ರಾಮಾಣಿಕವಾಗುತ್ತದೆ.

ಕಾವೇರಿಯ ಬಗ್ಗೆ ಮಂಡ್ಯಕ್ಕಿರುವ ಭಕ್ತಿ ಆಳವಾದದ್ದು. ಅಣೆಕಟ್ಟೆ ತುಂಬಿದಾಗ ಬಾಗಿನ ಅರ್ಪಿಸುತ್ತಾರೆ, 124.80 ಅಡಿಯ ಪೂರ್ಣ ಮಟ್ಟ, 49.45 ಟಿ.ಎಂ.ಸಿ. ಸಾಮರ್ಥ್ಯ ಎಂಬ ಅಂಕಿಗಳು ಅಲ್ಲಿನ ಜನಕ್ಕೆ ಬಾಯಿಪಾಠ. 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿ.ಎಂ.ಸಿ.ಗೆ ಏರಿಸಿದಾಗ, ಅಂತರರಾಜ್ಯ ನದಿ ರಾಷ್ಟ್ರದ ಆಸ್ತಿ, ಯಾವ ರಾಜ್ಯವೂ ಅದರ ಒಡೆಯನಲ್ಲ ಎಂದೂ ಹೇಳಿತು. ಜೈಮಿನಿಯ ಸೂತ್ರಕ್ಕೆ ಹತ್ತಿರವಾದ ಮಾತದು. ಆ ಏರಿಕೆಯಲ್ಲಿ 10 ಟಿ.ಎಂ.ಸಿ. ತಮಿಳುನಾಡಿನ ಅಂತರ್ಜಲವನ್ನು ಲೆಕ್ಕಕ್ಕೆ ಹಿಡಿದದ್ದರಿಂದ ಬಂದದ್ದು, ಅಂದರೆ ನೆಲದೊಳಗಿನ ನೀರೂ ನ್ಯಾಯದ ತಕ್ಕಡಿಗೆ ಏರಬಲ್ಲದೆಂದು ಒಪ್ಪಿದಂತಾಯಿತು. ಆದರೆ ಅಣೆಕಟ್ಟೆಯ ಹಿಂದಿನ ನೀರಿಗೆ ಸಲ್ಲುವ ಬಾಗಿನ ಕಾಲಡಿಯ ಮಣ್ಣಿನಲ್ಲಿ ನಿಂತ ನೀರಿಗೆ ಸಲ್ಲುತ್ತಿಲ್ಲ. ಯುಗಾದಿಯ ಹೊತ್ತಿಗೆ ಹೊನ್ನಾರು ಕಟ್ಟಿ ಮೊದಲ ಸಾಲು ಎಳೆಯುವಾಗ ನೆಲಕ್ಕೆ ಕೈಮುಗಿಯುವ ರೂಢಿ ಇನ್ನೂ ಇದೆ. ಆ ಕೈಮುಗಿತವು ಮಳೆ ಬೆಳೆಯನ್ನು ಬೇಡುವುದರೊಂದಿಗೆ ಮಣ್ಣಿನ ರಚನೆಯನ್ನು ಉಳಿಸಿಕೊಡುವ ಮಾತು ಕೊಡುವುದೂ ಆಗಬೇಕಾದ ಕಾಲ ಬಂದಿದೆ.

ನಾಲೆಯ ಒಡಲಿಗೆ ಕಾಂಕ್ರೀಟು ಹೊದಿಸುವ ಕೆಲಸವನ್ನು ಈ ದೃಷ್ಟಿಯಿಂದ ನೋಡಿದರೆ ಧರ್ಮದ ತೊಡಕು ಇನ್ನಷ್ಟು ಎದ್ದು ಕಾಣುತ್ತದೆ. ಸೋರಿಕೆ ನಿಂತರೆ ಕೊನೆಯ ಭಾಗಕ್ಕೆ ನೀರು ಮುಟ್ಟುತ್ತದೆ, ನಾಲೆಯ ಬದಿಯ ಜವಳು ಇಳಿಯುತ್ತದೆ. ಆದರೆ ಅದೇ ಸೋರಿಕೆಯಿಂದ ತುಂಬುತ್ತಿದ್ದ ಬಾವಿಗಳೂ ಬತ್ತುತ್ತವೆ. ಒಬ್ಬರ ನಷ್ಟವೆಂದು ಬರೆದದ್ದು ಇನ್ನೊಬ್ಬರ ಜೀವನವಾಗಿದ್ದರೆ, ನಷ್ಟವನ್ನು ತಡೆಯುವ ಪುಣ್ಯಕಾರ್ಯವೂ ಮಾಡದ ಕರ್ಮದ ಫಲವನ್ನು ಯಾರಿಗೋ ಉಣಿಸುತ್ತದೆ.

ಕೆಟ್ಟ ಮಣ್ಣನ್ನು ತಿರುಗಿ ಕಟ್ಟುವ ವಿದ್ಯೆ ಅಜ್ಞಾತವಾದದ್ದೇನಲ್ಲ. ಸೋಡಿಯಂ ಹಿಡಿದ ಜೇಡಿಗೆ ಜಿಪ್ಸಂ ಹಾಕಿದರೆ ಅದರಲ್ಲಿರುವ ಕ್ಯಾಲ್ಸಿಯಂ ಸೋಡಿಯಂನ ಜಾಗವನ್ನು ಹಿಡಿಯುತ್ತದೆ. ಸೆಣಬು, ಡಯಂಚ, ಹೊಂಗೆಯ ಸೊಪ್ಪನ್ನು ಮಣ್ಣಿಗೆ ಸೇರಿಸಿದರೆ ಗುಚ್ಛಗಳು ಮತ್ತೆ ಕೂಡಿಕೊಳ್ಳುತ್ತವೆ. ಆದರೆ ಬಿಡುಗಡೆಯಾದ ಸೋಡಿಯಂ ತೊಳೆದುಹೋಗಬೇಕಾದರೆ ಬಸಿಗಾಲುವೆ ಬೇಕು, ಬಸಿಗಾಲುವೆ ಹಳ್ಳ ಸೇರಬೇಕಾದರೆ ಕೆಳಗಿನ ಹೊಲಗಳನ್ನು ಹಾಯಬೇಕು. ಯಾರ ನೆಲಕ್ಕೆ ರೋಗವಿಲ್ಲವೋ ಅವರು ತಮ್ಮ ಒಂದು ಗುಂಟೆಯನ್ನು ಇನ್ನೊಬ್ಬರ ನೆಲದ ಚಿಕಿತ್ಸೆಗಾಗಿ ಬಿಟ್ಟುಕೊಡಬೇಕು, ಬಿಟ್ಟುಕೊಟ್ಟವರಿಗೆ ಅದರಿಂದ ಬರುವ ಬೆಳೆ ಏನೂ ಇಲ್ಲ. ಭೂಖಂಡದ ಲೆಕ್ಕದಲ್ಲಿ ಇದು ದಾನ, ಕೊಡದಿದ್ದರೆ ಪಾಪವಿಲ್ಲ. ಮಹಾಭೂಮಿಯ ಲೆಕ್ಕದಲ್ಲಿ ಆ ಗುಂಟೆ ಮೊದಲಿಂದಲೂ ನೀರಿನ ದಾರಿಯೇ ಆಗಿದ್ದುದರಿಂದ ಅದನ್ನು ತಡೆಹಿಡಿಯುವ ಹಕ್ಕು ಯಾರಿಗೂ ಇರಲಿಲ್ಲ. ಕಾಲುವೆ ಅಗೆದು ಹೂಳೆತ್ತುವ ಖರ್ಚನ್ನು ಹೊರಬೇಕಾದವರು ಮೇಲಿನಿಂದ ಹಿಡಿದು ಕೆಳಗಿನವರೆಗೆ ಆ ಇಳಿಜಾರಿನ ನೀರನ್ನು ಉಂಡವರೆಲ್ಲರೂ, ಅವರವರು ಹಾಯಿಸಿದ ನೀರಿನ ಪ್ರಮಾಣಕ್ಕೆ ತಕ್ಕಂತೆ.